ಆರಾಮ ಆಗ್ತದ ಅಂದಿದ್ದೆ

6 ನವೆಂಬರ್ 1978, ಸೋಮವಾರ

ಮತ್ತೆ ಸ್ಪಿರಿಟ್ ಇಲ್ಲ. ಇಂಡೆಂಟ್ ಹೋದದ್ದು ದಸರೆಗೆ ಮುಂಚೆ. ದೀಪಾವಳಿಯೂ ಮುಗಿಯಿತು. ಗುಲ್ಬರ್ಗಾದಿಂದ ಬಂದದ್ದೇನು — ಒಂದು ಪೆಟ್ಟಿಗೆ ತುಂಬ ಕುಟುಂಬ ಯೋಜನೆ ಪೋಸ್ಟರು. ಹುಣ್ಣಿಗೆ ಪೋಸ್ಟರ್ ಅಂಟಿಸಲೇ?

ಆಯಾ ಚಂದಮ್ಮ ಸಿರಿಂಜ್ ಕುದಿಯಲು ಇಟ್ಟು ಹರಟೆಗೆ ಕೂತಳು. ನೀರು ಬತ್ತಿತು. ದೊಡ್ಡ ಸಿರಿಂಜು ಫಟ್ ಎಂದಿತು. ಬೈದರೆ — "ಗಾಜು ಅಂದಮ್ಯಾಲ ಒಡೀತದ ಬಿಡ್ರಿ ಲಲಿತಾಬಾಯಿ." ಈ ಮಹಾತಾಯಿಯ ಜೊತೆ ಡ್ಯೂಟಿ ಮಾಡುವುದಕ್ಕೆ ಸರ್ಕಾರ ನನಗೊಂದು ಬೇರೆ ಅಲೋವೆನ್ಸ್ ಕೊಡಬೇಕು.

ಮಧ್ಯಾಹ್ನ ಡ್ಯೂಟಿ ಮುಗಿಸಿ ಹೊಸ ರೋಗಿಯ ಮನೆಗೆ ಹೋದೆ. ಮಾಶಾಬಿ. ಇಲ್ಲೇ ಶಹಾಬಾದದ, ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಪಾಲಿಶ್ ಶೆಡ್ಡಿನಲ್ಲಿ ಕೆಲಸ ಮಾಡುವ ಗುಲಾಮ ದಸ್ತಗೀರನ ಹೆಂಡತಿ. ಗರ್ಭಕೋಶದ ಕ್ಯಾನ್ಸರ್. ಹೈದರಾಬಾದಿಗೆ ಒಯ್ದಿದ್ದರು, ಭಾಳ ತಡವಾಯಿತೆಂದು ವಾಪಸ್ ಕಳಿಸಿದ್ದಾರೆ. ನಮ್ಮ ಡಾಕ್ಟರ್ ಸಾಹೇಬರೂ ನೋಡಿ, "ಇನ್ನ ಮಾಡೂದು ಏನೂ ಇಲ್ಲ, ಮನ್ಯಾಗ ಇಟ್ಕೊಳ್ರಿ" ಅಂದರು.

ಈ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಮಾಡುವುದು ಏನೂ ಇಲ್ಲವಂತೆ! ತೊಳೆಯುವುದಿದೆ, ವಾಸನೆ ಹೋಗಿಸುವುದಿದೆ, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದಿದೆ, ನೋವಿಗೆ ಸೂಜಿ ಹಾಕುವುದಿದೆ. ದವಾಖಾನೆಯವರು ಕೈ ತೊಳೆದುಕೊಂಡ ಮೇಲೇ ನನ್ನ ಕೆಲಸ ಶುರು. ಇಂಥ ಮನೆಗಳಿಗೆ ಹೋಗು ಎಂದು ಯಾರೂ ಆರ್ಡರ್ ಕೊಟ್ಟಿಲ್ಲ. ಬೇಡ ಎಂದೂ ಹೇಳಿಲ್ಲ, ಸದ್ಯ.

ಮಾಶಾಬಿ ಹೊರಸಿನ ಮೇಲೆ ಮುದುಡಿ ಮಲಗಿದ್ದಳು. ತುಟಿ ಕಚ್ಚಿ ಕಚ್ಚಿ ಗಾಯ. ತಲೆ ಮೇಲೆ ಕೈ ಇಟ್ಟು ಹೇಳಿದೆ — "ಅಂಜಬ್ಯಾಡ್ರಿ ಅಕ್ಕಾ. ನಾ ಬಂದೀನಲ್ಲ. ಆರಾಮ ಮಾಡ್ತೀನಿ. ಆರಾಮ ಆಗ್ತದ."

ಬಾಗಿಲಲ್ಲಿ ನಿಂತಿದ್ದ ದಸ್ತಗೀರ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ವಾಪಸ್ ಬಂದಾಗ ಚಂದಮ್ಮ — "ನೀವು ಹ್ವಾದ ಮನ್ಯಾಗಿನವ್ರು ಒಬ್ಬರೂ ಉಳಿಯಂಗಿಲ್ಲ ನೋಡ್ರಿ ಬಾಯಿ." ಇದೊಂದು ಕೇಳುವುದು ಬಾಕಿ ಇತ್ತು.

9 ನವೆಂಬರ್, ಗುರುವಾರ

ಬಾಟಲಿ! ಬಾಟಲಿ! ಬಾಟಲಿ! ಸಲೈನ್ ಹಚ್ಚಿದರೇ ಔಷಧ ಎಂದು ಈ ಜನಕ್ಕೆ ಯಾರು ಕಲಿಸಿದರೋ, ಅವರು ನನ್ನ ಕೈಗೆ ಸಿಗಲಿ.

ದಸ್ತಗೀರ — "ಒಂದ ಬಾಟ್ಲಿ ಹಚ್ಚರಿ ಸಿಸ್ಟರ್‌ಬಾಯಿ, ತಾಕತ್ ಬರ್ತದ."

"ಹೊಟ್ಟಿ ಮೊದ್ಲೇ ಉಬ್ಬ್ಯದ ಅಣ್ಣಾ. ಬಾಟ್ಲಿ ಬ್ಯಾಡ."

"ಸಣ್ಣದ ಹಚ್ಚರಿ."

ಸಣ್ಣದಂತೆ. ಸೋಡಾ ಬಾಟಲಿ ಅಂದುಕೊಂಡಿದ್ದಾನೆ.

ಆದರೂ ಮಾಶಾಬಿ ಇವತ್ತು ಬೇರೆಯೇ ಹೆಂಗಸು. ಸೂಜಿ, ಗುಳಿಗೆ ಎರಡೂ ಹಿಡಿದಿವೆ. ಹೊರಸಿನ ಕೆಳಗೆ ಬುಟ್ಟಿ ತುಂಬ ಇದ್ದಿಲು ಇಡಿಸಿದ್ದೆ, ವಾಸನೆ ತಗ್ಗಿದೆ. ನಿದ್ದೆ ಮಾಡಿದ್ದಾಳೆ. ಗಂಜಿ ಕುಡಿದಿದ್ದಾಳೆ. ಮಗಳು ಬಷೀರಾ ತಲೆ ಬಾಚಿ ಹೆಣೆದಿದ್ದಳು. ಮಾಶಾಬಿ ಬಾಯಿ ಬಿಟ್ಟರೆ ನನಗಿಂತ ಜೋರು. "ಇಷ್ಟ ದಿನ ಎಲ್ಲಿ ಸತ್ತಿದ್ರಿ ನೀವು?" ಎಂದು ನನಗೇ ಕೇಳಿದಳು. ಖುಷಿಯಾಯಿತು. ಬೈಯುವ ತ್ರಾಣ ಬಂದರೆ ನೋವು ಇಳಿದಿದೆ ಎಂದೇ ಲೆಕ್ಕ.

ದಸ್ತಗೀರ ನನ್ನನ್ನು ಊರ ಅಗಸೆ ಬಾಗಿಲವರೆಗೂ ಬಂದು ಕಳಿಸಿದ. ನಾನು ಬೇಡವೆಂದರೂ ಚೀಲ ಹಿಡಿದುಕೊಂಡ.

13 ನವೆಂಬರ್, ಸೋಮವಾರ

ನಿನ್ನೆ ಬಕ್ರೀದ್. ನನಗೆಂದು ಬೇರೆ ಪಾತೇಲಿಯಲ್ಲಿ ಶಾವಿಗೆ ಪಾಯಸ ಮಾಡಿಸಿದ್ದಳು ಮಾಶಾಬಿ. "ನಿಮ್ಮ ಲಿಂಗಕ್ಕ ನಡೀತದ, ತಿನ್ರಿ. ಪಾತೇಲಿ ಹೊಸಾದು" ಅಂದಳು. ಎರಡು ಬಟ್ಟಲು ತಿಂದೆ. ಸಕ್ಕರೆ ಸ್ವಲ್ಪ ಜಾಸ್ತಿ. ಹೇಳಿದೆ. "ಹೇಳಾಕೇನು, ಮಾಡಿದಾಕಿ ಬಷೀರಾ. ಗಂಡನ ಮನ್ಯಾಗ ಕಲೀತಾಳ" ಎಂದು ನಕ್ಕಳು.

20 ನವೆಂಬರ್, ಸೋಮವಾರ

ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತಿದೆ. ಯಾರದು? ನನ್ನದೇ.

ಡ್ರೆಸಿಂಗ್ ಬಟ್ಟೆ ಒಣಗಿಸುತ್ತಿದ್ದ ಬಷೀರಾಳನ್ನು ಸುಮ್ಮನೆ ಕೇಳಿದೆ — "ನಿನ್ನ ನಿಕಾಹ ಯಾವಾಗವ್ವಾ?" ಹುಡುಗಿ ಮುಖ ಬಾಡಿಸಿಕೊಂಡು ಒಳಗೆ ಹೋಯಿತು. ದಸ್ತಗೀರ ಹೇಳಿದ — ವಾಡಿಯ ಮಜೀದಸಾಬನ ಮಗನ ಜೊತೆ ನಿಶ್ಚಯವಾಗಿದೆ. ಹುಡುಗ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಬಕ್ರೀದ್ ಆದ ವಾರಕ್ಕೇ ಇತ್ತಂತೆ. ಮುಂದೆ ಹಾಕಿದ್ದಾರೆ.

"ಯಾಕ?"

"ಅವ್ವ ಹೊರಸಿನ ಮ್ಯಾಲ ಇದ್ದಾಗ ಎಂಥಾ ಮದಿವಿ ಬಾಯಿ? ಡಾಕ್ಟರ ಏನೇನೋ ಅಂದ್ರು, ಎದಿ ಒಡದಿತ್ತು. ಅವತ್ತೇ ಮಾಡಿ ಮುಗಿಸೂನು ಅಂತಿದ್ದೆ. ನೀವು ಬಂದು ಆರಾಮ ಆಗ್ತದ ಅಂದ್ರಿ. ನೋಡ್ರಿ, ಹಂಗೇ ಆಗ್ಲಿಕತ್ತದ! ಉಣ್ತಾಳ, ಮಕ್ಕೋತಾಳ. ಮೊಹರಂ, ಸಫರ್ ಕಳೀಲಿ. ಅಷ್ಟೊತ್ತಿಗಿ ಅಕಿನೇ ಎದ್ದು ಓಡಾಡಿ ಮಾಡ್ತಾಳ."

ಆರಾಮ.

ನಾನು ಹೇಳಿದ್ದು ನೋವು ಇಳಿಯುತ್ತದೆ ಅಂತ. ಅವನು ಕೇಳಿಸಿಕೊಂಡಿದ್ದು ರೋಗ ವಾಸಿಯಾಗುತ್ತದೆ ಅಂತ. ಅವನದೇನು ತಪ್ಪು? ನಮ್ಮಲ್ಲಿ ಜ್ವರ ಬಂದರೆ ಆರಾಮ ಇಲ್ಲ, ಜ್ವರ ಬಿಟ್ಟರೆ ಆರಾಮ ಆತು. ನಾನೂ ಈ ನೀರು ಕುಡಿದೇ ಬೆಳೆದವಳು. ಗೊತ್ತಿರಲಿಲ್ಲವೇ!

ಮುಂದಿನ ವಾರ ಶುಕ್ರವಾರ ಸಂಜೆ ಚಂದ್ರ ಕಂಡರೆ ಮೊಹರಂ ಹುಟ್ಟುತ್ತದೆ. ಆಮೇಲೆ ಎರಡು ತಿಂಗಳು ಇವರಲ್ಲಿ ಮದುವೆ ಇಲ್ಲ. ಅಂದರೆ ಫೆಬ್ರುವರಿ. ಮಾಶಾಬಿಗೆ ಫೆಬ್ರುವರಿ ಇಲ್ಲ. ಜನವರಿಯೂ ಇಲ್ಲ.

ಹೊರಡುವಾಗ ಮಾಶಾಬಿ ಕೈ ಹಿಡಿದು ಪಿಸುಗುಟ್ಟಿದಳು — "ಬಷೀರಾನ ನಿಕಾಹ ನೋಡಬೇಕ್ರಿ ಬಾಯಿ. ಇನ್ನೇನ ಬ್ಯಾಡ. ಇವ್ರು ಮುಂದ ಮುಂದ ಅಂತಾರ."

ನಾನು ಚೀಲ ಹೆಗಲಿಗೆ ಹಾಕಿಕೊಂಡು ಬಂದುಬಿಟ್ಟೆ.

21 ನವೆಂಬರ್, ಮಂಗಳವಾರ

ಸಾಹೇಬರಿಗೆ ಹೇಳಿದೆ. ಬೈಯಲಿ ಅಂದುಕೊಂಡರೆ ನಕ್ಕರು. "ಸಿಸ್ಟರ್, ನಾ ಅವಂಗ ಖರೆ ಹೇಳಿ ಕಳಿಸಿದ್ದೆ. ನೀವು ಹಿಂದಿಂದ ಹೋಗಿ ಆರಾಮ ಅಂದ್ರಿ. ಇನ್ನ ನನ್ನ ಮಾತು ಯಾರು ಕೇಳ್ತಾರ?" ಅವರು ಹೇಳಿದ್ದು ಸರಿ. ಅದೇ ಹೆಚ್ಚು ಸಿಟ್ಟು ತರಿಸಿತು.

ಬೆಳಗಿನಿಂದ ಬೇರೆ ಪದ ಹುಡುಕುತ್ತಿದ್ದೇನೆ. ಕಡಿಮಿ ಆಗ್ತದ — ಅದೂ ರೋಗ ಹೋಯಿತು ಅಂತಲೇ. ಹಗುರ ಆಗ್ತದ — ಅದೂ ಅಷ್ಟೇ. ಛಲೋ ಆಗ್ತದ — ಕೇಳುವುದೇ ಬೇಡ. ತ್ರಾಸ ಇರಂಗಿಲ್ಲ — "ಹಂಗಾರ ಎದ್ದು ಓಡಾಡ್ತಾಳಲ್ರಿ?" ಅನ್ನುತ್ತಾನೆ ಪುಣ್ಯಾತ್ಮ. ನೋವಿಗೊಂದು, ರೋಗಕ್ಕೊಂದು ಬೇರೆ ಮಾತು ಇಟ್ಟಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು?

ಚಂದಮ್ಮನನ್ನು ಕೇಳಿದೆ. "ಸಾಯ್ತಾಳ ಅನ್ರಿ. ಅದಕ್ಕ ಒಂದ ಅರ್ಥ" ಅಂದಳು.

23 ನವೆಂಬರ್, ಗುರುವಾರ

ಹೇಳಿದೆ. ಹೇಳಬಾರದ ಜಾಗದಲ್ಲಿ ಹೇಳಿದೆ.

ಮನೆಯಲ್ಲಿ ಹೇಳಿದರೆ ಮಾಶಾಬಿಗೆ ಕೇಳುತ್ತದೆ ಎಂದು ಶೆಡ್ಡಿಗೇ ಹೋದೆ. ಮೊಳಕಾಲ ತನಕ ಕಲ್ಲಿನ ಕೆಸರು. ದಸ್ತಗೀರ ಮಿಷನ್ನಿಗೆ ಕಲ್ಲು ಹಿಡಿದಿದ್ದ. ಸದ್ದು — ದೇವರೇ!

"ದಸ್ತಗೀರಣ್ಣಾ, ಮಾಶಾಬಿ ಅಕ್ಕ ಉಳಿಯಂಗಿಲ್ಲರಿ."

"ಏನಂದ್ರಿ?"

"ಉಳಿಯಂಗಿಲ್ಲ!"

"ಹಾಂ?"

ಕೂಗಿದೆ. ಇಂಥ ಮಾತನ್ನು ಸಂತೆಯಲ್ಲಿ ಬದನೆಕಾಯಿ ಮಾರುವವಳ ಹಾಗೆ ಕೂಗಿ ಹೇಳಿದೆ. ಆಚೆ ಮಿಷನ್ನಿನವರೂ ತಿರುಗಿ ನೋಡಿದರು. ಅವನು ಸ್ವಿಚ್ ಆರಿಸಿದ. ಕೈ ಒರೆಸಿಕೊಂಡ. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ — ಆರಾಮ ಅಂದದ್ದು ನೋವಿಗೆ, ರೋಗಕ್ಕಲ್ಲ; ರೋಗ ಒಳಗೆ ಹಾಗೇ ಬೆಳೆಯುತ್ತಿದೆ; ನಿಕಾಹ ಮಾಡುವುದಿದ್ದರೆ ಚಂದ್ರ ಕಾಣುವುದಕ್ಕೆ ಮುಂಚೆ ಮಾಡಿ.

"ಮೊನ್ನಿ ಅಕಿ ಪಾನ್ ಕೇಳಿ ತಿಂದಾಳ್ರಿ" ಅಂದ.

"ಸೂಜಿದು ಅದು, ಅಣ್ಣಾ."

"ನೀವೇ ಅಂದ್ರಿ ಆರಾಮ ಅಂತ. ಈಗ ನೀವೇ ಇಲ್ಲ ಅಂತೀರಿ. ಯಾವುದು ಸುಳ್ಳು?" ಮುಖವೆಲ್ಲ ಬಿಳಿ ಪುಡಿ, ಕಣ್ಣು ಮಾತ್ರ ಕೆಂಪು. "ನಮ್ಮ ಮನಿಗಿ ಬರಬ್ಯಾಡ್ರಿ ಇನ್ನ."

ಮತ್ತೆ ಮಿಷನ್ ಶುರು ಮಾಡಿದ. ಕೆಸರಿನಲ್ಲಿ ಚಪ್ಪಲಿ ಒಂದು ಹೂತುಹೋಯಿತು. ಬಿಟ್ಟು ಬಂದೆ.

27 ನವೆಂಬರ್, ಸೋಮವಾರ

ನಾಲ್ಕು ದಿನ ಹೋಗಲಿಲ್ಲ. ಹೋಗಬೇಡ ಅಂದ ಮನೆಗೆ ಹೋಗುವ ಜಾಯಮಾನ ನನ್ನದಲ್ಲ ಎಂದು ದಿನಾ ಹೇಳಿಕೊಂಡೆ. ದಿನಾ ಆ ಓಣಿಯ ಕಡೆ ಕಿವಿ ಇತ್ತು.

ಬೆಳಿಗ್ಗೆ ಬಷೀರಾ ಓಡಿ ಬಂದಳು. ಬುರ್ಕಾ ಒಂದು ಕಡೆ, ತಲೆ ಒಂದು ಕಡೆ. "ಅಮ್ಮಿ ಚೀರ್ಲಿಕತ್ತಾಳ್ರಿ ಬಾಯಿ. ಅಬ್ಬಾ ಹೊರಗ ಕುಂತು ಕಿವಿ ಮುಚ್ಕೊಂಡಾರ. ಬರ್ರಿ."

ನೋವಿನ ಸೂಜಿಯ ಪೆಥಿಡಿನ್ ಬೀರುವಿನಲ್ಲಿ. ಬೀರುವಿಗೆ ಕೀಲಿ. ಕೀಲಿ ಸಾಹೇಬರ ಪ್ಯಾಂಟಿನ ಜೇಬಿನಲ್ಲಿ. ಪ್ಯಾಂಟು ಚಿತ್ತಾಪುರದ ಮೀಟಿಂಗಿನಲ್ಲಿ! ಅವರು ಬರುವವರೆಗೆ ನಾನು ಆ ಬೀರುವನ್ನೇ ನೋಡುತ್ತ ನಿಂತಿದ್ದೆ. ಒದ್ದರೆ ಒಡೆಯುತ್ತದೇನೋ ಎಂದು ಒಮ್ಮೆ ಒದ್ದೂ ನೋಡಿದೆ. ಹೆಬ್ಬೆರಳು ಊದಿದೆ.

ಸಾಹೇಬರು ಬಂದರು. ನನ್ನ ಮುಖ ನೋಡಿದರು. ಟೋಪಿ ತೆಗೆಯದೆಯೇ ಬೀರು ತೆಗೆದು, ಸಹಿ ಮಾಡಿ ಕೊಟ್ಟರು. ಒಳ್ಳೆಯವರೇ ಪಾಪ.

ದಸ್ತಗೀರ ಹೊಸ್ತಿಲಲ್ಲಿ ಕೂತಿದ್ದ. ಕಾಲು ಸರಿಸಿ ದಾರಿ ಬಿಟ್ಟ. ಸೂಜಿ ಹಾಕಿದೆ. ಮಾಶಾಬಿ ಮಲಗಿದಳು.

28 ನವೆಂಬರ್, ಮಂಗಳವಾರ

ಈ ಗಂಡ-ಹೆಂಡತಿ ನನ್ನನ್ನು ಹುಚ್ಚಿ ಮಾಡಿ ಬಿಡುತ್ತಾರೆ.

ಮಗ್ಗುಲು ಬದಲಿಸುವಾಗ ಮಾಶಾಬಿ ಮೆಲ್ಲಗೆ ಅಂದಳು — "ನಾ ಹೋಗ್ತೀನಂತ ನನಗ ಗೊತ್ತದ್ರಿ. ಹೈದ್ರಾಬಾದಿನ್ಯಾಗ ಡಾಕ್ಟರ ಇಂಗ್ಲಿಷಿನ್ಯಾಗ ಮಾತಾಡ್ದ. ಬಾಜೂಕ ನಿಂತ ನರಸಮ್ಮನ ಮಾರಿ ನೋಡ್ದೆ, ತಿಳೀತು. ಆದ್ರ ಇವ್ರಿಗಿ ಹೇಳಬ್ಯಾಡ್ರಿ ಮತ್ತ. ಎದಿ ಒಡ್ಕೊಂಡ ಸಾಯ್ತಾರ."

"ಹೇಳೀನಿ ಅಕ್ಕಾ."

"ಹೇಳಿದ್ರಿ? ಏನಂದ್ರು?"

"ಮನಿಗಿ ಬರಬ್ಯಾಡ ಅಂದ್ರು."

ನಕ್ಕಳು. ನಕ್ಕರೆ ನೋಯುತ್ತದೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ಆಕೆಗೆ ಗೊತ್ತಾಗಬಾರದೆಂದು, ಆಕೆ ಅವನಿಗೆ ಗೊತ್ತಾಗಬಾರದೆಂದು, ನಡುವೆ ಈ ಲಲಿತಾಬಾಯಿ ಸುಳ್ಳಿ! "ಹಂಗಾರ ಇನ್ನ ನಾ ನೋಡ್ಕೋತೀನಿ" ಅಂದಳು.

ಸೂಜಿ ತುಂಬಿಸಿಕೊಂಡೆ. ತೋಳು ಹಿಂದೆ ಎಳೆದುಕೊಂಡಳು.

"ಬ್ಯಾಡ."

"ಯಾಕ?"

ಗಂಡನಿಗೆ ಕೇಳುವ ಹಾಗೆ ಗಟ್ಟಿಯಾಗಿ — "ಸೂಜಿ ಹಾಕಿದ್ರ ನಿದ್ದಿ ಬರ್ತದ. ನಿದ್ದ್ಯಾಗ ಹೋಗಿಬಿಟ್ರ ನನ್ನ ಮಗಳ ನಿಕಾಹ ಯಾರು ನೋಡಬೇಕು? ಖಾಜಿ ಬರೂತನ ಸೂಜಿ ಬ್ಯಾಡ."

ನಾನು ಬೈದೆ. ಬೇಡಿಕೊಂಡೆ. ನಿನಗೋಸ್ಕರ ಬೀರುವಿಗೆ ಒದ್ದು ಬೆರಳು ಮುರಿದುಕೊಂಡಿದ್ದೇನೆ ಅಂದೆ. ಊಹೂಂ. ಚಾದರದ ತುದಿ ಬಾಯಿಗೆ ತುರುಕಿಕೊಂಡು ಗೋಡೆ ನೋಡುತ್ತ ಮಲಗಿದಳು. ಹಣೆಯ ಮೇಲೆ ಬೆವರು ಹನಿ ಹನಿ. ಇಷ್ಟು ವರ್ಷ ನೋವು ತೆಗೆಯುವುದೇ ನನ್ನ ಕೆಲಸ ಎಂದುಕೊಂಡವಳು ನಾನು. ತುಂಬಿದ ಸಿರಿಂಜ್ ಕೈಯಲ್ಲಿ ಹಿಡಿದು ದಂಡಪಿಂಡದ ಹಾಗೆ ನಿಂತಿದ್ದೆ. ಅಳು ಬಂತು. ಸಿಟ್ಟಿಗೆ ಬಂತೋ ಮತ್ತೆ ಯಾತಕ್ಕೋ.

ದಸ್ತಗೀರ ಬಾಗಿಲಲ್ಲಿ ನಿಂತು ಎಲ್ಲ ನೋಡಿದ. ಆಮೇಲೆ ಗೂಟದಿಂದ ಅಂಗಿ ತೆಗೆದುಕೊಂಡ.

"ಎಲ್ಲಿ ಹೊಂಟ್ರಿ?" ಮಾಶಾಬಿ ಬಾಯಿಂದ ಚಾದರ ತೆಗೆದು ಕೇಳಿದಳು.

"ವಾಡಿಗಿ. ಪ್ಯಾಸೆಂಜರ್ ಅದ ಈಗ. ಮಜೀದಸಾಬನ ಕೂಡ ಮಾತಾಡಿ ಬರ್ತೀನಿ." ಹೊಸ್ತಿಲು ದಾಟುತ್ತ, "ಸೂಜಿ ಹಾಕಿಸ್ಕೋ" ಅಂದ.

30 ನವೆಂಬರ್, ಗುರುವಾರ

ಮಜೀದಸಾಬ ಒಪ್ಪಿದ್ದಾನೆ. ನಾಳೆ ಶುಕ್ರವಾರ, ಜುಮ್ಮಾ ನಮಾಜ್ ಆದ ಮೇಲೆ ನಿಕಾಹ. ಮನೆಯಲ್ಲೇ.

ಮನೆ ತುಂಬ ನೆಂಟರು. ಸನ್ನತಿಯಿಂದ ಬಂದ ಜಾನಬಿ ಎಂಬ ಚಿಕ್ಕಮ್ಮ, "ಬೀಗರು ಬರೂರು, ನಾತ ಬರ್ತದ, ಹೊರಸು ಹಿತ್ತಲಕ್ಕ ಒಯ್ಯೂನು" ಅಂದಳು. ಮಾಶಾಬಿಗೆ ಕೇಳುವ ಹಾಗೆಯೇ! ಆಯಮ್ಮನನ್ನೇ ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದು ಗಳಿಗೆ ಮಾತಾಡಿದೆ. ಆಮೇಲೆ ತಾನೇ ಹೊಸ ಇದ್ದಿಲು ತಂದಳು.

ಸೂಜಿಯ ವ್ಯವಹಾರ. ಅರ್ಧ ಹಾಕುತ್ತೇನೆ, ನೋವು ತಗ್ಗುತ್ತದೆ, ನಿದ್ದೆ ಬರುವುದಿಲ್ಲ ಎಂದೆ. "ಅರ್ಧ ಬ್ಯಾಡ, ಪಾವ ಹಾಕ್ರಿ" ಎಂದಳು. ಬರೀ ಕಾಲು ಭಾಗವಂತೆ! ಸೊಪ್ಪಿನವಳ ಜೊತೆ ಚೌಕಾಸಿ ಮಾಡಿದ ಹಾಗೆ. ಕೊನೆಗೆ ಪಾವಿಗಿಂತ ಚೂರು ಜಾಸ್ತಿಗೆ ಒಪ್ಪಿದಳು. ನಾಳೆ ನಿಕಾಹ ಮುಗಿದ ಕೂಡಲೇ ಪೂರ್ತಿ. ಮಾತು ತಗೊಂಡಿದ್ದೇನೆ.

1 ಡಿಸೆಂಬರ್, ಶುಕ್ರವಾರ

ಖಾಜಿ! ಖಾಜಿಯೇ ಇಲ್ಲ!

ಮೊಹರಂ ಬರುತ್ತದೆಂದು ಊರಲ್ಲಿ ಎಲ್ಲರಿಗೂ ಇವತ್ತೇ ನಿಕಾಹ ಆಗಬೇಕು. ಇನ್ನೊಂದು ಓಣಿಯಲ್ಲಿ ಒಂದು, ಸ್ಟೇಷನ್ ಹಿಂದೆ ಇನ್ನೊಂದು. ಜುಮ್ಮಾ ಆಯಿತು. ಬಿಸಿಲು ಗೋಡೆ ಹತ್ತಿತು. ವರ ಮುಖ ಮುಚ್ಚುವ ಹೂವಿನ ಸೆಹರಾದೊಳಗೆ ಬೆವರುತ್ತ ಕೂತಿದ್ದ. ನಾನು ಒಳಗೆ ಹೊರಸಿನ ಪಕ್ಕ. ಬೆಳಗಿನ ಪಾವು ಸೂಜಿ ಎಂದೋ ಇಳಿದಿತ್ತು.

"ಹಾಕ್ಲಿ?"

"ತಡೀರಿ."

ಮತ್ತೆ ಸ್ವಲ್ಪ ಹೊತ್ತಿಗೆ, "ಅಕ್ಕಾ, ಹಾಕ್ತೀನಿ."

"ತಡೀರಿ ಅಂದ್ನಲ್ಲ!" ನನ್ನ ಕೈಯನ್ನು ಎಷ್ಟು ಜೋರಾಗಿ ಹಿಡಿದಿದ್ದಳೆಂದರೆ ಉಗುರಿನ ಗುರುತು ಈಗಲೂ ಇದೆ.

ಇಳಿಹೊತ್ತಿನ ಅಸರ್ ನಮಾಜಿನ ನಂತರ ಖಾಜಿ ಬಂದರು. ಸಾಕ್ಷಿಗಳು ಒಳಗೆ ಬಂದು ಪರದೆಯ ಈಚೆ ನಿಂತು ಬಷೀರಾಳನ್ನು ಕೇಳಿದರು, ಕಬೂಲ್ ಇದೆಯೇ ಎಂದು. ಬಷೀರಾ ಬಿಕ್ಕುತ್ತಿದ್ದಾಳೆ. ಮಾತಿಲ್ಲ. ಮತ್ತೆ ಕೇಳಿದರು. ಬಿಕ್ಕು. ಜಾನಬಿ ತಲೆ ಸವರಿದಳು. ಬಿಕ್ಕು.

ಹೊರಸಿನ ಮೇಲಿಂದ ಮಾಶಾಬಿ — "ಏ ಹುಡುಗಿ, ಹೂಂ ಅನ್ನ ಜಲ್ದಿ! ನನಗ ಸೂಜಿ ಹಾಕಬೇಕಾಗ್ಯದ!"

ಸಾಕ್ಷಿಗೆ ಬಂದ ಮುದುಕನೇ ಮೊದಲು ನಕ್ಕ. ಬಷೀರಾ ಅಳುತ್ತಲೇ ನಕ್ಕು ಹೂಂ ಅಂದಳು.

ಹೊರಗೆ ನಿಕಾಹ ಮುಗಿದು ಉತ್ತತ್ತಿ ಖಾರೀಕು ತೂರಿದ ಸದ್ದು. ವರ ಒಳಗೆ ಬಂದು ಸಲಾಂ ಮಾಡಿದ. ಮಾಶಾಬಿ ಅವನ ಗಲ್ಲ ಹಿಡಿದು ನೋಡಿದಳು, ಮಗಳ ಗಲ್ಲ ಹಿಡಿದು ನೋಡಿದಳು. ನೋಡಿದಳು, ನೋಡಿದಳು. ಆಮೇಲೆ ತಾನೇ ತೋಳು ಚಾಚಿದಳು — "ಹ್ಞಾಂ. ಈಗ ಹಾಕ್ರಿ. ಪೂರಾ ಹಾಕ್ರಿ."

ಹಾಕಿದೆ. ಹಲ್ಲು ಕಚ್ಚಿದ್ದು ಸಡಿಲವಾಯಿತು. ಹಣೆಯ ಗಂಟು ಬಿಚ್ಚಿತು. ದಸ್ತಗೀರ ಹೊರಸಿನ ಪಕ್ಕ ನೆಲದ ಮೇಲೆ ಕೂತಿದ್ದ, ಹೊಸ ಅಂಗಿ ಮುದ್ದೆಯಾಗಿತ್ತು.

"ಆರಾಮ ಆತಾ?" ಎಂದು ಕೇಳಿದ.

"ಹೂಂ. ಆರಾಮ" ಅಂದಳು, ಕಣ್ಣು ಮುಚ್ಚಿಕೊಂಡೇ.

ಅವನು ನನ್ನ ಕಡೆ ತಿರುಗಿದ. "ನೀವು ಅವತ್ತ ಅಂದದ್ದು ಇದಕ್ಕೇನ್ರಿ?"

"ಇದಕ್ಕೇ ಅಣ್ಣಾ."

ತಲೆ ಆಡಿಸಿದ. ಓಣಿಯಲ್ಲಿ ಹುಡುಗರು ಚಾಂದ ಚಾಂದ ಎಂದು ಕೂಗುತ್ತಿದ್ದರು. ನಾನು ನೋಡಲು ಹೋಗಲಿಲ್ಲ.

6 ಡಿಸೆಂಬರ್, ಬುಧವಾರ

ಸ್ಪಿರಿಟ್ ಬಂದಿದೆ. ಅರ್ಧ ಬಾಟಲಿ. ಇನ್ನರ್ಧ ದಾರಿಯಲ್ಲಿ ಯಾರು ಕುಡಿದರೋ.

ಹನ್ನೊಂದಕ್ಕೆ ಓಪಿಡಿ ಗದ್ದಲದ ನಡುವೆ ದಸ್ತಗೀರ ಬಂದು ನಿಂತ. ಕೈಯಲ್ಲಿ ಇದ್ದಿಲಿನ ಬುಟ್ಟಿ. ತೊಳೆದು ಒಣಗಿಸಿ ತಂದಿದ್ದ. ಮತ್ತೆ ಯಾರಿಗಾದರೂ ಬೇಕಾದೀತು ಎಂದ. ಅದರೊಳಗೆ ನನ್ನ ಒಂದು ಚಪ್ಪಲಿ, ಕೆಸರು ತೆಗೆದದ್ದು.

ಭಾನುವಾರ ನಾನು ಹೋದಾಗ ಮಾಶಾಬಿ ಬರೀ ಮಲಗಿಯೇ ಇದ್ದಳು. ಸೋಮವಾರವೂ. ನಿನ್ನೆ ಡ್ಯೂಟಿ ಬಿಡಲಿಲ್ಲ, ಹೋಗಲಾಗಲಿಲ್ಲ. ಅವನ ಮುಖ ನೋಡಿಯೇ ತಿಳಿಯಿತು.

"ನಿನ್ನಿ ಮುಂಜಾನಿ" ಅಂದ. "ತ್ರಾಸ ಏನೂ ಮಾಡ್ಕೊಳ್ಳಲಿಲ್ರಿ. ಬಷೀರಾನ ತೊಡಿ ಮ್ಯಾಲ ತಲಿ ಇಟ್ಟು..." ಬುಟ್ಟಿಯ ಹಿಡಿಕೆಯನ್ನು ಇಬ್ಬರೂ ಹಿಡಿದುಕೊಂಡು ನಿಂತಿದ್ದೆವು.

ಆಮೇಲೆ ಅವನೇ ಅಂದ — "ಆರಾಮ ಆದ್ಳ್ರಿ ಸಿಸ್ಟರ್‌ಬಾಯಿ."

ಅಷ್ಟಕ್ಕೇ ಸರಿಯಾಗಿ ಚಂದಮ್ಮ ಬಕೆಟ್ ಹಿಡಿದು ಬರಬೇಕೇ! ಕೊನೆಯ ಮಾತು ಮಾತ್ರ ಕಿವಿಗೆ ಬಿದ್ದಿದೆ. ಮುಖ ಅರಳಿಸಿಕೊಂಡು, "ಅಯ್ಯ, ಮಾಶಾಬಿ ಆರಾಮ ಆದ್ಳಾ! ಛಲೋ ಆತು ನೋಡಪ್ಪಾ! ಅಂತೂ ನಮ್ಮ ಬಾಯಿ ಹ್ವಾದ ಮನ್ಯಾಗ ಒಬ್ಬಾಕಿರೆ ಆರಾಮ ಆದ್ಳು!" ಅಂದಳು.

ನನಗೆ ಅವಳ ಬಕೆಟ್ಟು ಕಸಿದು ಅವಳ ತಲೆಗೇ ಸುರಿಯೋಣ ಅನ್ನಿಸಿತು. ದಸ್ತಗೀರ ಆಕೆಯನ್ನೇ ನೋಡಿದ. ಸಿಟ್ಟು ಮಾಡಲಿಲ್ಲ. "ಹೌದವ್ವಾ. ಆರಾಮ ಆದ್ಳು" ಅಂದ. ನನ್ನ ಕೈಗೆ ಬುಟ್ಟಿ ಬಿಟ್ಟು ಹೊರಟೇ ಹೋದ.

ಚಂದಮ್ಮ ಇನ್ನೂ ನಗುತ್ತ ನಿಂತಿದ್ದಳು. ಹೇಳಬೇಕಿತ್ತು. ಹೇಳಲೆಂದೇ ಬಾಯಿ ತೆರೆದೆ — "ಚಂದಮ್ಮಾ, ಹಂಗಲ್ಲ. ಆರಾಮ ಅಂದ್ರ..." ಅಲ್ಲಿಗೇ ಬಿಟ್ಟು, ಬುಟ್ಟಿಯನ್ನು ಮುಂದಿನ ಮನೆಗೆಂದು ಬೀರುವಿನ ಪಕ್ಕ ಇಟ್ಟೆ.